ಮುಂದಿನ ಸೋಮವಾರ

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಯಾವಾಗಿಂದಮ್ಮ ಹೀಗೆ?”

ಆಕೆ ತಿಂಗಳು, ತಾರೀಕು ಹೇಳಲಿಲ್ಲ. “ಯುಗಾದಿ ಆದ್ಮೇಲೆ ಒಂದ್ಸಲ ಕಾಣಿಸ್ಕೊಂತು ಸಾರ್. ಮುಟ್ಟು ನಿಂತು ಮೂರು ವರ್ಷ ಆಗಿತ್ತಲ್ಲ, ಮತ್ತೆ ಬಂತೇನೋ ಅಂದ್ಕೊಂಡು ಸುಮ್ಮನಾದೆ. ಅಷ್ಟ್ರಲ್ಲಿ ಮಗಳ ಬಾಣಂತನ ಬಂತು. ಆಷಾಢದಲ್ಲಿ ಜಾಸ್ತಿ ಆಯ್ತು, ಸೊಂಟ ಹಿಡ್ಕೊಂತು...”

ಡಾಕ್ಟರು ತಲೆಯಾಡಿಸುತ್ತ ಬರೆದುಕೊಂಡರು. ನಾನು ಬಗ್ಗಿ ನೋಡಿದೆ. ಯುಗಾದಿ, ಬಾಣಂತನ, ಆಷಾಢ ಎಲ್ಲವೂ ಕರಗಿ ಕೇಸ್‌ಶೀಟಿನಲ್ಲಿ ಇಂಗ್ಲಿಷಿನ ಎರಡು ಪದವಾಗಿದ್ದವು: ಎಂಟು ತಿಂಗಳು. “ಇಷ್ಟು ದಿನ ಬಿಟ್ಕೊಂಡು ಬಂದಿದ್ದೀರಲ್ಲಮ್ಮ” ಅಂದರು. ಬೈದದ್ದಲ್ಲ. ಬೆಳಗಿನಿಂದ ಅದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದರೋ, ದನಿ ದಣಿದಿತ್ತು. ಆಕೆ ಸೆರಗಿನ ತುದಿ ಸುತ್ತಿಕೊಳ್ಳುತ್ತ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಕ್ಕಳು.

ಆ ಎಂಟು ತಿಂಗಳಲ್ಲಿ ಹದಿನಾಲ್ಕು ದಿನ ನನ್ನವು.

ನಮ್ಮನೆಗೆ ಆಕೆ ಹನ್ನೊಂದು ವರ್ಷದಿಂದ ಬರುತ್ತಿದ್ದಳು. ಬೆಳಿಗ್ಗೆ ಏಳೂವರೆಗೆ ಪಾತ್ರೆ, ಕಸ, ನೆಲ. ಶುಕ್ರವಾರ ಹೊಸಿಲು ತೊಳೆದು ರಂಗೋಲಿ. ಊರು ಶಿರಾ ಕಡೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರು ಸೇರಿದ ಸಂಸಾರ. ಗಂಡ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ನನಗಿಂತ ಎರಡು ವರ್ಷ ದೊಡ್ಡವಳು, ಆದರೂ ನಾನು ‘ಅಕ್ಕ’, ಆಕೆ ಬರೀ ಹೆಸರು. ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬ ಒಂದು ವಾರ ಇದೆ ಅನ್ನುವಾಗ, ನೆಲ ಒರೆಸುವ ಬಟ್ಟೆ ಹಿಂಡುತ್ತ ಕೇಳಿದ್ದಳು: “ಅಕ್ಕ, ಸೋಮವಾರ ಒಂದಿನ ರಜಾ ಕೊಡಿ. ಆಸ್ಪತ್ರೆಗೆ ತೋರಿಸ್ಕೊಂಡು ಬರ್ತೀನಿ.”

“ಏನಾಯ್ತು?”

“ಏನಿಲ್ಲ. ಬಿಳುಪು ಹೋಗ್ತದೆ, ಸುಸ್ತು.”

“ಹಬ್ಬ ಮುಗೀಲಿ ಕಣೆ. ಮುಂದಿನ ಸೋಮವಾರ ಹೋಗು.”

ಆ ಮುಂದಿನ ಸೋಮವಾರ ನಾದಿನಿಯ ಮನೆಯವರು ಇನ್ನೂ ಹೊರಟಿರಲಿಲ್ಲ. ಅದರ ಮುಂದಿನ ಸೋಮವಾರ ಹೋದಳು. ಹಬ್ಬದ ದಿನ ಅರಿಶಿನ ಕುಂಕುಮದ ಜೊತೆ ಒಳ್ಳೆಯ ರವಿಕೆ ಕಣವನ್ನೇ ಕೊಟ್ಟಿದ್ದೆ. ಕೆಟ್ಟ ಮನೆಯೇನೂ ಅಲ್ಲ ನಮ್ಮದು.

ಆಮೇಲಿನ ದಿನಗಳಿಗೂ ಒಬ್ಬೊಬ್ಬ ವಾರಸುದಾರರಿದ್ದಾರೆ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ‘ಶಕ್ತಿ’ಗೆ ಇಂಜೆಕ್ಷನ್ ಕೊಟ್ಟು ಕಬ್ಬಿಣದ ಮಾತ್ರೆ ಬರೆದರು. ಇನ್ನೊಂದು ಕಡೆ, ಮುಟ್ಟು ನಿಲ್ಲೋ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಅಂದರು. ಮುಟ್ಟು ನಿಂತು ಮೂರು ವರ್ಷವಾದವಳಿಗೆ ಹೇಳಿದ ಮಾತು ಅದು. ಯಾರೂ ಒಳಗೆ ನೋಡಿರಲೇ ಇಲ್ಲ. ಸ್ಕ್ಯಾನಿಂಗ್‌ಗೆ ಸಂಬಳ ಬರುವ ತನಕ ಕಾಯಬೇಕಾಯಿತು. ಬಿಪಿಎಲ್ ಕಾರ್ಡು ಊರಿನಲ್ಲಿತ್ತು. ರೆಫರಲ್ ಚೀಟಿಗೆ ಒಂದು ದಿನ, ಚೀಟಿಯಲ್ಲಿ ಹೆಸರು ತಪ್ಪಾಗಿದೆ ಎಂದು ತಿದ್ದಿಸಲು ಇನ್ನೊಂದು ದಿನ. ಕಾರ್ತಿಕದ ಹೊತ್ತಿಗೆ ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಬಯಾಪ್ಸಿ ಬಂತು. ಗರ್ಭಕೋಶದ ಕೊರಳಿನ ಕ್ಯಾನ್ಸರ್, ಮೂರನೆಯ ಹಂತ.

ಒಂದು ದಿನ ಆಕೆ ಇಲ್ಲದಾಗ ಡಾಕ್ಟರನ್ನು ಕೇಳಿದೆ: “ಎರಡು ವಾರ ಮುಂಚೆ ಬಂದಿದ್ದರೆ ವ್ಯತ್ಯಾಸ ಆಗ್ತಿತ್ತಾ ಸಾರ್?” ಏಕೆ ಕೇಳುತ್ತಿದ್ದೇನೆಂದು ಅವರಿಗೆ ಗೊತ್ತಾಗಿರಬೇಕು. ಇಲ್ಲ ಅಂದರು. ಎರಡು ವಾರದಲ್ಲಿ ಹಂತ ಬದಲಾಗುವಂಥದ್ದಲ್ಲ, ಇದು ಬೆಳೆಯೋಕೆ ಹತ್ತು ಹದಿನೈದು ವರ್ಷ ತೆಗೆದುಕೊಂಡಿರುತ್ತೆ ಅಂದರು. ಆ ಕ್ಷಣಕ್ಕೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಲೆಕ್ಕ ಬೇರೆ ಥರ ತಿರುಗಿತು. ಹತ್ತು ಹದಿನೈದು ವರ್ಷ ಅಂದರೆ, ಆಕೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಷ್ಟೂ ವರ್ಷ.

ಈ ಕಾಯಿಲೆಯ ನಡಿಗೆ ಅಂಥದ್ದು. ಎಚ್‌ಪಿವಿ ಎಂಬ ವೈರಸ್ಸಿನ ಕೆಲವು ಬಗೆಗಳು ಇದಕ್ಕೆ ಕಾರಣ. ಬಹುಪಾಲು ಹೆಂಗಸರಲ್ಲಿ ಸೋಂಕು ತಾನೇ ಬಂದು ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದುಕೊಂಡು, ಮೊದಲು ಜೀವಕೋಶಗಳ ಚಹರೆ ಕೆಡಿಸಿ, ವರ್ಷಗಟ್ಟಲೆ ಅಲ್ಲೇ ಹೊಂಚು ಹಾಕಿ, ಆಮೇಲೆ ಕ್ಯಾನ್ಸರಾಗುತ್ತದೆ. ಕೊಲ್ಲುವ ಮುಂಚೆ ಇಷ್ಟು ದೀರ್ಘ ಗಡುವು ಕೊಡುವ ಕಾಯಿಲೆ ಅಪರೂಪ. ಆ ಗಡುವಿನಲ್ಲಿ ಯಾವಾಗ ನೋಡಿದರೂ ಬಹುಮಟ್ಟಿಗೆ ಸಿಗುತ್ತದೆ. ಸಿಕ್ಕರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ.

ನನಗೆ ಇದು ಗೊತ್ತಿತ್ತು. ಆ ಹನ್ನೊಂದು ವರ್ಷದಲ್ಲಿ ನಾನು ಮೂರು ಸಲ ಪ್ಯಾಪ್ ಸ್ಮಿಯರ್ ಎಂಬ ತಪಾಸಣೆ ಮಾಡಿಸಿಕೊಂಡಿದ್ದೆ. ಒಂದು ಸಲ ಮನೆಗೆ ಬಂದು ಸ್ವಲ್ಪ ಹೊಟ್ಟೆ ಹಿಡಿದ ಹಾಗಿದೆ ಎಂದು ಮಲಗಿದಾಗ ಕಾಫಿ ಮಾಡಿ ತಂದುಕೊಟ್ಟವಳು ಆಕೆಯೇ. “ಯಾಕಕ್ಕ, ಹುಷಾರಿಲ್ವಾ?” ಅಂದಳು. “ಏನಿಲ್ಲ, ಟೆಸ್ಟು” ಅಂದೆ. ಆ ಒಂದು ಪದವನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕಿತ್ತು. ಆಕೆಯೂ ಹೆಂಗಸು, ಆಕೆಗೂ ಗರ್ಭಕೋಶ ಇದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಳೇ ಸೀರೆ ಕೊಡುವಾಗ ಹೊಳೆಯುತ್ತಿತ್ತು. ಮಗಳ ಫೀಸಿಗೆ ಮುಂಗಡ ಕೊಡುವಾಗ ಹೊಳೆಯುತ್ತಿತ್ತು. ಇದು ಮಾತ್ರ ಹೊಳೆಯಲಿಲ್ಲ.

ಬಡವರ ಹೆಂಗಸರು ಯಾಕೆ ತಡವಾಗಿ ಬರುತ್ತಾರೆ ಎನ್ನುವುದಕ್ಕೆ ಅಜ್ಞಾನ, ನಾಚಿಕೆ, ಭಯ ಎಂದು ಮೂರು ಸಿದ್ಧ ಉತ್ತರಗಳಿವೆ. ಮೂರೂ ಸುಳ್ಳಲ್ಲ. ಆದರೆ ಆಕೆಯ ಜೊತೆ ಆ ಬೆಂಚುಗಳ ಮೇಲೆ ಕೂತ ದಿನಗಳಲ್ಲಿ ನನಗೆ ಕಂಡದ್ದು ಇನ್ನೊಂದು. ಕೂಲಿ ಮಾಡುವ ಹೆಂಗಸಿಗೆ ನೋವೇ ರಜಾ ಚೀಟಿ. ಎದ್ದು ನಿಲ್ಲಲಾಗದಷ್ಟು ನೋವು ಬಂದರೆ ಮಾತ್ರ ಗಂಡ, ಅತ್ತೆ, ಮೇಸ್ತ್ರಿ, ‘ಅಕ್ಕ’ ಎಲ್ಲರೂ ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅವಳ ಮನಸ್ಸು ತನಗೆ ತಾನೇ ಒಪ್ಪಿಗೆ ಕೊಡುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮೊದಮೊದಲು ನೋಯುವುದಿಲ್ಲ. ಎದೆಯಲ್ಲಿನ ಗಂಟೂ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವಲ್ಲ ಎಂದೇ ಸುಮ್ಮನಿದ್ದವರು ಎಷ್ಟೋ. ತಪಾಸಣೆ ಕೇಳುವುದೇನೆಂದರೆ, ಏನೂ ಆಗದಿರುವಾಗ ಬಾ ಎಂದು. ನಮಗೆ ಅದು ಆರೋಗ್ಯದ ಶಿಸ್ತು. ದಿನಗೂಲಿಯವಳಿಗೆ, ಏನೂ ಆಗದೆ ಒಂದು ದಿನದ ಸಂಬಳ ಕಳೆದುಕೊಳ್ಳುವ ಹುಚ್ಚು.

ಪರೀಕ್ಷೆ ಕಷ್ಟದ್ದೇ ಎಂದರೆ, ಅದೂ ಅಲ್ಲ. ಇದೆಲ್ಲ ಆದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಸ್ಟಾಫ್ ನರ್ಸ್ ಒಬ್ಬರು ನನಗೆ ತಪಾಸಣೆಯ ಟ್ರೇ ತೋರಿಸಿದರು. ಬಾತುಕೋಳಿ ಕೊಕ್ಕಿನಂಥ ಸ್ಪೆಕ್ಯುಲಂ, ಸ್ಟೀಲಿನ ಬಟ್ಟಲಲ್ಲಿ ಹತ್ತಿಯ ಉಂಡೆಗಳು, ಒಂದು ದೀಪ, ಒಂದು ಬಾಟಲಿ. ಬಾಟಲಿಯಲ್ಲಿದ್ದದ್ದು ಅಸಿಟಿಕ್ ಆಮ್ಲ, ಶೇಕಡ 3ರಿಂದ 5. ಗೋಬಿ ಮಂಚೂರಿ ಅಂಗಡಿಯವನು ಹಾಕುವ ವಿನೆಗರ್‌ನ ಜಾತಿಯದೇ. ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯಬೇಕು. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. “ಹಾಲು ಒಡೆದಂಗೆ ಕಾಣುತ್ತೆ ಮೇಡಂ” ಅಂದರು ನರ್ಸ್. ಇಷ್ಟೆ. ಲ್ಯಾಬ್ ಬೇಡ, ರಿಪೋರ್ಟಿಗೆ ವಾರ ಕಾಯುವುದು ಬೇಡ. ಮಚ್ಚೆ ಚಿಕ್ಕದಿದ್ದರೆ, ಯಂತ್ರವಿದ್ದ ಕಡೆ, ಅವತ್ತೇ ಸುಟ್ಟು ತೆಗೆಯಲೂಬಹುದು.

ಈ ಒಂದು ನಿಮಿಷದ ಪರೀಕ್ಷೆ ಜೀವ ಉಳಿಸುತ್ತದೆಯೇ ಎಂದು ದೊಡ್ಡದಾಗಿ ಪರೀಕ್ಷಿಸಿದ್ದು ನಮ್ಮ ದೇಶದಲ್ಲೇ. 1998ರಿಂದ ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು, 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನ ಅದು. ಪರೀಕ್ಷೆ ಮಾಡಿದವರು ವೈದ್ಯರಲ್ಲ. ಹತ್ತನೇ ತರಗತಿ ಓದಿ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ಎರಡೆರಡು ವರ್ಷಕ್ಕೊಮ್ಮೆ ನೋಡಿದರು. 2013ರಲ್ಲಿ ಷಿಕಾಗೋದ ಒಂದು ಸಮ್ಮೇಳನದಲ್ಲಿ ಫಲಿತಾಂಶ ಹೇಳಿದರು: ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡ 31 ಕಡಿಮೆ. ಜಗತ್ತೇ ಚಪ್ಪಾಳೆ ತಟ್ಟಿತು. ತಟ್ಟಬೇಕಾದದ್ದೇ.

ಆದರೆ ‘ಕಡಿಮೆ’ ಅನ್ನಲು ಇನ್ನೊಂದು ಗುಂಪು ಬೇಕಲ್ಲ. ಒಂದೂವರೆ ಲಕ್ಷದಲ್ಲಿ ಅರ್ಧದಷ್ಟು ಹೆಂಗಸರಿಗೆ ಮೊದಲಲ್ಲಿ ಒಮ್ಮೆ ತಿಳುವಳಿಕೆಯ ಮಾತು ಹೇಳಿ, ಆಮೇಲೆ ವಾಡಿಕೆಯ ವೈದ್ಯಕೀಯ ಸೇವೆಗೆ ಬಿಟ್ಟರು. ವಾಡಿಕೆ ಅಂದರೆ ತಪಾಸಣೆಯೇ ಇಲ್ಲದಿರುವುದು. ಮುಂಬೈ, ಉಸ್ಮಾನಾಬಾದ್, ತಮಿಳುನಾಡಿನ ದಿಂಡಿಗಲ್, ಮೂರು ಕಡೆಯ ಇಂಥ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಮೆರಿಕದ ಪೆಥಾಲಜಿಸ್ಟ್ ಎರಿಕ್ ಸುಬಾ, ಹೀಗೆ ತಪಾಸಣೆಯಿಲ್ಲದೆ ಉಳಿದವರು ಸುಮಾರು 1 ಲಕ್ಷ 38 ಸಾವಿರ, ಅವರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 254 ಎಂದು ಎಣಿಸಿ, ಇದು ಸರಿಯೇ ಎಂದು ಕೇಳಿದರು. ತಪಾಸಣೆಯಿಂದ ಉಪಯೋಗವಿದೆ ಎಂಬುದು ಪ್ಯಾಪ್ ಸ್ಮಿಯರ್ ಕಾಲದಿಂದ ಗೊತ್ತಿದ್ದಾಗ ಹೋಲಿಸಿ ನೋಡಲು ಸಾವುಗಳು ಬೇಕಿತ್ತೇ ಎಂಬುದು ಅವರ ಆಕ್ಷೇಪ. ಅಧ್ಯಯನ ಮಾಡಿದವರ ಉತ್ತರವನ್ನೂ ತಳ್ಳಿಹಾಕುವಂತಿಲ್ಲ: ಈ ದೇಶದಲ್ಲಿ ಎಲ್ಲರಿಗೂ ಸಿಗುತ್ತಿದ್ದದ್ದೇ ಅಷ್ಟು, ನಾವು ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ.

ನಾನು ಈ ವಾದದಲ್ಲಿ ಯಾರ ಕಡೆ ಎಂದು ಬಹಳ ದಿನ ಯೋಚಿಸಿದೆ. ಆ ಅಧ್ಯಯನ ಇಲ್ಲದಿದ್ದರೆ ವಿನೆಗರ್ ಪರೀಕ್ಷೆಯನ್ನು ಸರ್ಕಾರ ಇಷ್ಟಾದರೂ ನಂಬುತ್ತಿರಲಿಲ್ಲವೇನೋ. ಹಾಗೆಂದು ಆ 254 ಎಂಬ ಅಂಕಿ ಗಂಟಲಲ್ಲಿ ಇಳಿಯುವುದೂ ಇಲ್ಲ. ನನ್ನನ್ನು ಹಿಡಿದದ್ದು ‘ವಾಡಿಕೆ’ ಎಂಬ ಮಾತು. ಏನೂ ಇಲ್ಲದಿರುವುದೇ ವಾಡಿಕೆಯಾಗಿದ್ದರೆ, ಏನೂ ಕೊಡದಿರುವುದು ತಪ್ಪಲ್ಲವಾಗುತ್ತದೆ. ನಮ್ಮ ಮನೆಯಲ್ಲಿ ನಡೆದದ್ದೂ ಅದೇ ತಾನೆ? ಒಂದೇ ಸೂರಿನಡಿ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು ಹೆಂಗಸರು, ಹನ್ನೊಂದು ವರ್ಷ. ಒಬ್ಬಳಿಗೆ ಮೂರು ಸಲ ತಪಾಸಣೆ, ಇನ್ನೊಬ್ಬಳಿಗೆ ವಾಡಿಕೆ. ಮುಂಬೈಯವರು ಕಡೇಪಕ್ಷ ಒಮ್ಮೆ ತಿಳುವಳಿಕೆ ಹೇಳಿದ್ದರು. ನಾನು “ಏನಿಲ್ಲ, ಟೆಸ್ಟು” ಅಂದಿದ್ದೆ.

ಅಂಕಿಗಳನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ಸತ್ತರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿ, 2030ರ ಹೊತ್ತಿಗೆ ನೂರಕ್ಕೆ 70 ಹೆಂಗಸರಿಗೆ 35ರೊಳಗೆ ಒಮ್ಮೆ, 45ರೊಳಗೆ ಮತ್ತೊಮ್ಮೆ ತಪಾಸಣೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವಮಾನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡೆವು ಎಂದ 30ರಿಂದ 49ರ ಹೆಂಗಸರು ನೂರಕ್ಕೆ 1.9. ಸ್ತನ ಪರೀಕ್ಷೆ ಮಾಡಿಸಿಕೊಂಡವರು 0.9.

ಕಾರ್ಯಕ್ರಮ ಇಲ್ಲವೇ ಎಂದರೆ, ಇದೆ. 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಮಾಡಿದೆ. ಅದರ ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ತುಂಬುವ ಒಂದು ಫಾರಂ. ಎದೆಯಲ್ಲಿ ಗಂಟು ಇದೆಯೇ, ಮೊಲೆತೊಟ್ಟಿನಿಂದ ರಕ್ತ ಬರುತ್ತದೆಯೇ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತದೆಯೇ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತದೆಯೇ; ಹೌದು, ಇಲ್ಲ. ಎಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಆ ಪ್ರಶ್ನೆಗಳನ್ನು ಕೇಳುವ ಜಾಗ ನೋಡಿ. ಹತ್ತು ಅಡಿ ಅಗಲದ ಮನೆ. ಬಾಗಿಲಲ್ಲಿ ಆಶಾ ನಿಂತಿದ್ದಾಳೆ, ಕುಕ್ಕರ್ ಕೂಗುತ್ತಿದೆ, ಒಳಗೆ ಅತ್ತೆ ಅವರೆಕಾಯಿ ಸುಲಿಯುತ್ತ ಕಿವಿ ನೆಟ್ಟಗೆ ಮಾಡಿ ಕೂತಿದ್ದಾಳೆ, ಮಂಚದ ಮೇಲೆ ಬೆಳೆದ ಮಗ. ‘ಗಂಡನ ಜೊತೆ’ ಎಂಬ ಪ್ರಶ್ನೆ ಬಂದಾಗ ಯಾವ ಹೆಂಗಸು ‘ಹೌದು’ ಅಂದಾಳು? ಎಷ್ಟೋ ಕಡೆ ಆಶಾ ಆ ಪ್ರಶ್ನೆ ಕೇಳುವುದೇ ಇಲ್ಲ, ತಾನೇ ‘ಇಲ್ಲ’ಕ್ಕೆ ಗುರುತು ಹಾಕಿಕೊಳ್ಳುತ್ತಾಳೆ. ಅದರಲ್ಲಿ ಒಂದು ದಯೆಯೂ ಇದೆ. ಒಂದು ಫಾರಂಗೆ ಸಿಗುವುದು ಹತ್ತು ರೂಪಾಯಿ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಕಳೆದ ಆಶಾಗಳನ್ನು ನೋಡಿದವರಿಗೆ, ಫಾರಂ ಯಾಕೆ ಹಾಗೆ ತುಂಬುತ್ತದೆಂದು ಹೇಳಬೇಕಿಲ್ಲ.

ನಾಚಿಕೆ ಎಂದೆವು. ಭಯದ ಮಾತೂ ಇದೆ, ಅದಕ್ಕೊಂದು ಚರಿತ್ರೆಯಿದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರು ಹೇಳಿದ್ದನ್ನು ನೆನೆಯಿರಿ. ಹೊಟ್ಟೆನೋವು, ಬಿಳುಪು ಎಂದು ಹೋದವರಿಗೆ, ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದ ಎಂದು ಹೆದರಿಸಿ, ಬೇಕೋ ಬೇಡವೋ ಶಸ್ತ್ರಚಿಕಿತ್ಸೆ ಮಾಡಿ ಕಳಿಸಿದ್ದರು. ಎಷ್ಟೋ ಮಂದಿಗೆ ಇನ್ನೂ ನಲವತ್ತೂ ಆಗಿರಲಿಲ್ಲ. ಅನಗತ್ಯವಾಗಿ ತೆಗೆದದ್ದು ನಿಜವೆಂದು ಸರ್ಕಾರದ ತನಿಖೆಯೂ ಕಂಡುಕೊಂಡಿತು. ಹೀಗೆ ಆ ತಾಂಡಾಗಳಿಗೆ ‘ಕ್ಯಾನ್ಸರ್’ ಎಂಬ ಮಾತು ಕಾಯಿಲೆಯ ಹೆಸರಾಗಿ ಬರುವ ಮುಂಚೆ ಬೆದರಿಕೆಯಾಗಿ ಬಂತು. ಸಾಲ ಮಾಡಿ, ಎಮ್ಮೆ ಮಾರಿ ದುಡ್ಡು ಕಟ್ಟಿದವರ ಮುಂದೆ ನಾಳೆ ಬಿಳಿ ಕೋಟಿನವರು ಯಾರಾದರೂ ನಿಂತು ‘ಕ್ಯಾನ್ಸರ್ ತಪಾಸಣೆಗೆ ಬನ್ನಿ’ ಎಂದು ಕರೆದರೆ, ಬಾರದವಳನ್ನು ನಾವು ಅಜ್ಞಾನಿ ಅನ್ನುತ್ತೇವೆ. ಅವಳಿಗೆ ಜ್ಞಾನವೇ ಇರುವುದು.

ಇನ್ನು ಶಿಬಿರಗಳು. ಬ್ಯಾನರು, ಶಾಮಿಯಾನ, ಉಪ್ಪಿಟ್ಟು ಕೇಸರಿಬಾತು, ಗಣ್ಯರ ಫೋಟೋ. ನಾನೂ ಒಂದಕ್ಕೆ ಚಂದಾ ಕೊಟ್ಟಿದ್ದೇನೆ. ಇನ್ನೂರು ಮಂದಿಯನ್ನು ನೋಡಿದೆವು, ಎಂಟು ಮಂದಿಗೆ ಅನುಮಾನ ಇದೆ ಎಂದು ಸಂಜೆ ವರದಿ ಒಪ್ಪಿಸಿದರು, ಎಲ್ಲರೂ ಸಂತೋಷಪಟ್ಟೆವು. ಆರು ತಿಂಗಳ ನಂತರ ಆ ಎಂಟು ಮಂದಿ ಏನಾದರು ಎಂದು ಕೇಳಿದೆ. ಯಾರ ಹತ್ತಿರವೂ ಪಟ್ಟಿ ಇರಲಿಲ್ಲ. ತಪಾಸಣೆ ಅಂದರೆ ಅರ್ಧ ಸೇತುವೆ. ಆಚೆ ದಡದಲ್ಲಿ ಬಯಾಪ್ಸಿ, ಚಿಕಿತ್ಸೆ, ಜೊತೆಗೆ ಬರುವ ಒಬ್ಬರು ಇಲ್ಲದಿದ್ದರೆ, ನಿನಗೆ ಅನುಮಾನ ಇದೆ ಎಂದು ಹೇಳಿ ಕಳಿಸುವುದು ಒಂದು ಬಗೆಯ ಕ್ರೌರ್ಯವೇ. ಗೊತ್ತಿಲ್ಲದೆ ನಿದ್ದೆ ಮಾಡುತ್ತಿದ್ದವಳನ್ನು ಎಬ್ಬಿಸಿ, ಕತ್ತಲಲ್ಲಿ ಕೂರಿಸಿ ಬಂದ ಹಾಗೆ.

(ತಪಾಸಣೆಯೇ ಎಲ್ಲಕ್ಕೂ ಮದ್ದು ಎಂಬ ಮಾತನ್ನೂ ನಾನು ನಂಬುವುದಿಲ್ಲ. ಅದೇ ಮುಂಬೈಯಲ್ಲಿ ಕೈಯಿಂದ ಸ್ತನ ಪರೀಕ್ಷೆ ಮಾಡಿ ಇಪ್ಪತ್ತು ವರ್ಷ ಹಿಂಬಾಲಿಸಿದ ಅಧ್ಯಯನ 2021ರಲ್ಲಿ ಬಂತು. 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇಕಡ 30 ಇಳಿದಿತ್ತು. ಚಿಕ್ಕ ವಯಸ್ಸಿನವರಲ್ಲಿ ಇಳಿದಿರಲಿಲ್ಲ. ಇದನ್ನೂ ಹೆಂಗಸರಿಗೆ ಹೇಳಬೇಕು.)

ಆಕೆಯ ಚಿಕಿತ್ಸೆ ನಡೆಯಿತು. ಇಪ್ಪತ್ತೈದು ದಿನ ರೇಡಿಯೇಷನ್. ಆಸ್ಪತ್ರೆಯ ಹೆಂಗಸರ ಬಾಯಲ್ಲಿ ಅದು ‘ಕರೆಂಟ್ ಕೊಡೋದು’. ವಾರಕ್ಕೊಂದು ಕಿಮೊ, ಕೊನೆಯಲ್ಲಿ ಒಳಗಿನಿಂದ ಕೊಡುವ ಕರೆಂಟು. ಖರ್ಚು ಬಹುಪಾಲು ಕಾರ್ಡಿನಲ್ಲಿ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಬೇಕಿಲ್ಲ; ಆ ಪಿಂಕ್ ಟಿಕೆಟ್ಟುಗಳನ್ನು ಆಕೆ ಎಸೆಯದೆ ಫೈಲಿನಲ್ಲೇ ಸೇರಿಸಿಡುತ್ತಿದ್ದಳು, ಯಾರಾದರೂ ಲೆಕ್ಕ ಕೇಳಿಯಾರೆಂದು. ಹೆಂಗಸರ ಉಚಿತ ಬಸ್ಸಿನ ಬಗ್ಗೆ ಮೂಗು ಮುರಿಯುವವರನ್ನು ಕಂಡರೆ ನನಗೆ ಈಗ ಆ ಟಿಕೆಟ್ಟುಗಳ ಕಂತೆ ನೆನಪಾಗುತ್ತದೆ. ನಾನು ಸಂಬಳ ನಿಲ್ಲಿಸಲಿಲ್ಲ. ಆಕೆ ಬೇರೆಯವರ ಹತ್ತಿರ ಇದನ್ನು ಹೇಳಿ ಹೊಗಳಿದಾಗ ಎದ್ದು ಒಳಗೆ ಹೋದೆ.

ಈಗ ಮೂರು ತಿಂಗಳಿಗೊಮ್ಮೆ ಚೆಕಪ್. ಸದ್ಯಕ್ಕೆ ಚೆನ್ನಾಗಿದ್ದಾಳೆ, ಊರಿನಲ್ಲಿದ್ದಾಳೆ. ಡಾಕ್ಟರು ‘ಸದ್ಯಕ್ಕೆ’ ಎಂಬ ಪದವನ್ನು ಬಿಡುವುದಿಲ್ಲ, ಹಾಗಾಗಿ ನಾನೂ ಬಿಡುವುದಿಲ್ಲ.

ನಮ್ಮನೆಗೆ ಈಗ ಬರುವವಳು ಅವಳ ದೊಡ್ಡ ಮಗಳು. ಮೂವತ್ತೊಂದು ವರ್ಷ. ಬಂದ ಮೊದಲ ವಾರವೇ ಹೇಳಿದ್ದೆ, ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ಕೇಳು, ಎಲ್ಲಿ ಮಾಡ್ತಾರೆ ಅಂತ ತಿಳ್ಕೊಂಡು ಮಾಡಿಸ್ಕೊ, ನೋವೇ ಆಗಲ್ಲ ಎಂದು. ಆಮೇಲೆ ಎರಡು ಮೂರು ಸಲ ಜ್ಞಾಪಿಸಿದೆ. ಜ್ಞಾಪಿಸುವಾಗ ನನ್ನ ದನಿಯಲ್ಲಿ ಆ ಡಾಕ್ಟರ ದಣಿವೇ ಇಣುಕುತ್ತಿರುವುದು ನನಗೇ ಕೇಳಿಸಿತು. ಮೊನ್ನೆ ಪಾತ್ರೆ ತೊಳೆಯುತ್ತಿದ್ದವಳಿಗೆ ಹೇಳಿದೆ: “ಈ ಸೋಮವಾರ ಕೆಲಸಕ್ಕೆ ಬರ್ಲೇಬೇಡ. ಹೋಗಿ ಟೆಸ್ಟ್ ಮಾಡಿಸ್ಕೊಂಡು ಬಾ.”

ಅವಳು ನಲ್ಲಿ ನಿಲ್ಲಿಸಿ ತಿರುಗಿದಳು.

“ನಿಮ್ಮನೇಲಿ ರಜಾ ಸಿಕ್ತು ಅಕ್ಕ. ಇನ್ನೂ ಮೂರು ಮನೆ ಕೇಳ್ಬೇಕು.”